ಸೊಲ್ಲಾಪುರದ ಪಾಳು ಗಿರಣಿಯಲ್ಲಿ ಒಂದು ಮಧ್ಯಾಹ್ನ

ನಮ್ಮ ಸೀಮೆಯ ಗೃಹಸ್ಥರು ಮನೆ ಬಿಟ್ಟು ಹೊರಡುವದು ಬಹುಮಟ್ಟಿಗೆ ಎರಡು ಕಾರಣಗಳಿಂದ: ಒಂದು ತೀರ್ಥಯಾತ್ರೆ, ಇನ್ನೊಂದು ಮದುವೆ-ಮುಂಜಿವೆಗಳ ಕರೆ. ಮೂರನೆಯದಾಗಿ ಬೇಕಾದರೆ ದವಾಖಾನೆಯನ್ನು ಸೇರಿಸಬಹುದು. ಇವು ಯಾವುವೂ ಅಲ್ಲದೆ, ಹಲವು ವರ್ಷಗಳ ಹಿಂದೆ ಬಾಗಿಲಿಕ್ಕಿದ ಒಂದು ನೂಲಿನ ಗಿರಣಿಯನ್ನು ನೋಡಿಬರುವದಕ್ಕಾಗಿ ಪರಪ್ರಾಂತದ ಪಟ್ಟಣಕ್ಕೆ ಹೊರಟ ನಮ್ಮನ್ನು ಕಂಡು ಮನೆಯಲ್ಲಿ ನಕ್ಕದ್ದು ಸಹಜವೇ. “ಪಾಳುಗೋಡೆ ನೋಡಬೇಕಾದರೆ ವಿಜಾಪುರದಲ್ಲಿ ಏನು ಕಡಿಮೆ?” ಎಂದು ನಮ್ಮ ಮನೆಯವರು ಕೇಳಿದರು. ಮಾತು ಸುಳ್ಳಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋಳಗುಮ್ಮಟವನ್ನೂ, ಅರ್ಧಕ್ಕೇ ನಿಂತ ಬಾರಾಕಮಾನನ್ನೂ ನೋಡಲು ದೂರದೇಶಗಳಿಂದ ಜನ ಬರುತ್ತಾರೆ. ಅವುಗಳ ಮುಂದೆ ಫಲಕಗಳುಂಟು, ಕಾವಲುಂಟು, ಹಸುರು ಹುಲ್ಲಿನ ಅಂಗಳವುಂಟು. ಆದರೆ ಅರಸರ ಹಾಳುಮಂದಿರಗಳಿಗೆ ಸಲ್ಲುವ ಈ ಮರ್ಯಾದೆ ದುಡಿದವರ ಹಾಳುಮಂದಿರಗಳಿಗೆ ಸಲ್ಲುವದಿಲ್ಲ. ಅವು ಇಂದು ಇದ್ದು ನಾಳೆ ಇಲ್ಲವಾಗುವವು. ಇರುವಾಗಲೇ ಒಮ್ಮೆ ನೋಡಿಬಿಡಬೇಕೆಂಬದು ನಮ್ಮ ಹವಣಾಗಿತ್ತು.

ನಮ್ಮ ಊರಾದ ಕಾಖಂಡಕಿಗೂ ಸೊಲ್ಲಾಪುರದ ಗಿರಣಿಗಳಿಗೂ ಏನು ನಂಟೆಂದು ವಾಚಕರು ಕೇಳಬಹುದು. ಕಾಖಂಡಕಿಯೆಂದ ಕೂಡಲೆ ಹರಿದಾಸಸಾಹಿತ್ಯವನ್ನು ಬಲ್ಲವರಿಗೆ 17ನೆಯ ಶತಮಾನದ ಮಹಿಪತಿದಾಸರು ನೆನಪಾಗುವರು. ದಾಸರ ಗೊಡವೆಯಿಲ್ಲದವರಿಗೆ ಕಾರಹುಣ್ಣಿವೆಯ ತರುವಾಯ ನಮ್ಮಲ್ಲಿ ನಡೆಯುವ ಕರಿ ನೆನಪಾದೀತು; ಎತ್ತು-ಹೋರಿಗಳನ್ನು ಸಿಂಗರಿಸಿ ಓಡಿಸುವ ಆ ದಿನ ಸುತ್ತಣ ಹಳ್ಳಿಗಳ ಜನವೆಲ್ಲ ಇಲ್ಲಿ ನೆರೆಯುವದು. ನಮ್ಮ ಬಾಲ್ಯದಲ್ಲಿ ಆ ದಿನಕ್ಕೆ ಇನ್ನೊಂದು ಸೊಗಸಿತ್ತು. ಸೊಲ್ಲಾಪುರದ ಗಿರಣಿಯವರು ರಜೆ ತೆಗೆದುಕೊಂಡು ಊರಿಗೆ ಬರುತ್ತಿದ್ದರು. ಅವರ ತಗಡಿನ ಟ್ರಂಕು ತೆರೆದರೆ ಹೊಸ ಚಾದರದ ಗಂಜಿಯ ವಾಸನೆ ಓಣಿಗೆಲ್ಲ ಹರಡುತ್ತಿತ್ತು. ಅವರು ಮಾತಿನ ನಡುವೆ ಮರಾಠಿಯ ಶಬ್ದಗಳನ್ನು ಸೇರಿಸುವರು; ಕೈಯಲ್ಲಿ ನಗದು ರೊಕ್ಕ ಆಡಿಸುವರು. ಹೊತ್ತನ್ನು ಹೇಳುವ ಅವರ ರೀತಿಯೇ ಬೇರೆ. ನಮ್ಮ ಹಿರಿಯರು ಅಂಗಳದ ನೆರಳನ್ನು ನೋಡಿ ಹೊತ್ತು ಹೇಳಿದರೆ, ಅವರು “ಮೊದಲನೆಯ ಪಾಳಿ ಬಿಡೂ ಹೊತ್ತಾತು” ಎನ್ನುವರು. ಮಳೆಯನ್ನು ನಂಬಿ ಬಾಳುವ ಊರಿನಲ್ಲಿ ತಿಂಗಳಿಗೊಮ್ಮೆ ಪಗಾರ ಕಾಣುವ ಈ ಜನರು ನಮ್ಮಂಥ ಹುಡುಗರ ಕಣ್ಣಿಗೆ ಬೇರೊಂದು ಲೋಕದವರೆನಿಸುತ್ತಿದ್ದರು.

ಅವರಲ್ಲೊಬ್ಬರು ಇನ್ನೂ ಸೊಲ್ಲಾಪುರದಲ್ಲಿರುವರು. ನಮ್ಮ ಪಕ್ಕದ ಓಣಿಯವರು. ವಯಸ್ಸು ಎಂಬತ್ತರ ಸಮೀಪ. ಹೆಸರು ಇಲ್ಲಿ ಬೇಡ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾವೂ ಹಾಗೆಯೇ ಎನ್ನುವೆವು. ಗಿರಣಿ ಮುಚ್ಚಿದ ಮೇಲೆ ಅವರು ಕರಿಗೆ ಬಂದದ್ದು ಎರಡೋ ಮೂರೋ ಸಲ. ಅವರೊಡನೆ ಹೋಗಿ ಅವರು ದುಡಿದ ಸ್ಥಳವನ್ನು ನೋಡಬೇಕೆಂಬದೇ ಈ ಪ್ರವಾಸದ ನಿಮಿತ್ತ.

ಮೇಲೆ ಸೊಲ್ಲಾಪುರವನ್ನು ಪರಪ್ರಾಂತವೆಂದೆವು. ಈ ಮಾತಿಗೆ ವಯಸ್ಸು ಹೆಚ್ಚಿಲ್ಲ. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿ ಗುಡಿ ಎಬ್ಬಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಸಂಕ್ರಾಂತಿಗೆ ಅಲ್ಲಿ ನಡೆಯುವ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳನ್ನು ಹೊತ್ತು ಸಾಗುವವರ ಬಾಯಲ್ಲಿ ಕನ್ನಡವನ್ನು ಇಂದಿಗೂ ಕೇಳಬಹುದು. ಬ್ರಿಟಿಷರ ಕಾಲದಲ್ಲಿ ಅದೂ ನಮ್ಮ ವಿಜಾಪುರವೂ ಒಂದೇ ಮುಂಬಯಿ ಇಲಾಖೆಯ ನೆರೆಯ ಜಿಲ್ಲೆಗಳು. 1956ರ ನವಂಬರ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಸೊಲ್ಲಾಪುರ ಅಲ್ಲಿಯೇ ಉಳಿಯಿತು. ಗೆರೆ ಎಳೆದ ಮಾತ್ರಕ್ಕೆ ಊರು ಪರಕೀಯವಾಗಲಿಲ್ಲ. ಮುಂದೆ ಮೂವತ್ತು ನಲವತ್ತು ವರ್ಷ ನಮ್ಮ ಜನ ಗಿರಣಿಗೆ ಹೋಗಿ ಬರುತ್ತಲೇ ಇದ್ದರು. ಗಿರಣಿಗಳು ಮುಚ್ಚಿದ ಮೇಲೆ ಮಾತ್ರ ಅದು ನಿಜವಾಗಿಯೂ ಬೇರೆಯವರ ಊರಾಯಿತೆಂದು ನಮಗೆ ತೋರುವದು. ಇಂದಿನ ನಮ್ಮ ಹುಡುಗರು ಪುಣೆ ಬಲ್ಲರು, ಬೆಂಗಳೂರು ಬಲ್ಲರು. ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಸೊಲ್ಲಾಪುರವನ್ನು ಗಾಡಿ ಬದಲಾಯಿಸುವ ನಿಲ್ದಾಣವೆಂದಷ್ಟೇ ಬಲ್ಲರು.

ಗಿರಣಿಗಳು ಅಲ್ಲಿಗೆ ಬಂದದ್ದು ಹೇಗೆ ಎಂಬದನ್ನು ಸ್ವಲ್ಪ ಹೇಳಬೇಕು. 1860ರಲ್ಲಿ ಮುಂಬಯಿಯ ಕಡೆಯಿಂದ ಉಗಿಬಂಡಿ ಸೊಲ್ಲಾಪುರವನ್ನು ಮುಟ್ಟಿತು. ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿತ್ತು. 1874ರಲ್ಲಿ ಮುಂಬಯಿಯ ವ್ಯಾಪಾರಿ ಮುರಾರಜಿ ಗೋಕುಳದಾಸರು ಸೊಲ್ಲಾಪುರ ಸ್ಪಿನಿಂಗ ಅಂಡ ವೀವಿಂಗ ಕಂಪನಿಯನ್ನು ಹುಟ್ಟಿಸಿದರು. ಜನರ ಬಾಯಲ್ಲಿ ಅದೇ ಮುಂದೆ ‘ಜುನಿ ಮಿಲ್’, ಅಂದರೆ ಹಳೆಯ ಗಿರಣಿ ಎನಿಸಿತು. ಆಮೇಲೆ ಎರಡೇ ವರ್ಷಗಳಲ್ಲಿ, 1876ರಲ್ಲಿ, ನಮ್ಮ ಮುತ್ತಜ್ಜಂದಿರು ಕಂಡ ಆ ಭಯಂಕರ ಕ್ಷಾಮ ಬಂದಿತು. ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ನಮ್ಮ ಸೀಮೆ ಮುಂಬಯಿ ಇಲಾಖೆಯಲ್ಲಿಯೇ ಅತ್ಯಂತ ಕಠಿಣವಾಗಿ ಬಳಲಿದ ಪ್ರದೇಶಗಳಲ್ಲೊಂದು. ಹೊಲ ಬಿಟ್ಟು ನಡೆದ ಜನ ಎಲ್ಲಿ ಕೂಲಿ ಸಿಕ್ಕೀತೋ ಅಲ್ಲಿಗೆ ನಡೆದರು. ಉತ್ತರಕ್ಕೆ ನಡೆದವರಿಗೆ ಭೀಮೆಯಾಚೆ ಹೊಗೆಯುಗುಳುವ ಒಂದು ಹೊಸ ಕಂಬ ಕಂಡಿತು. 1884ರಲ್ಲಿ ಹೋಟಗಿಯಿಂದ ವಿಜಾಪುರಕ್ಕೆ ಸಣ್ಣ ರೈಲುದಾರಿ ಆದ ಮೇಲಂತೂ ಬರ ಬಿದ್ದ ವರ್ಷ ಗಿರಣಿಗೆ ಹೋಗುವದು, ಮಳೆಯಾದರೆ ಮರಳಿ ಬರುವದು ಎಂಬದೊಂದು ವಾಡಿಕೆಯೇ ಆಯಿತು. ಆ ಶತಮಾನದ ಕೊನೆಗೂ ಮುಂದಿನದರ ಆರಂಭಕ್ಕೂ ಲಕ್ಷ್ಮೀ, ವಿಷ್ಣು, ನರಸಿಂಗಗಿರಜಿ, ಜಾಮ ಮೊದಲಾದ ಗಿರಣಿಗಳು ಒಂದರ ಹಿಂದೊಂದು ಎದ್ದವು. ತೆಲುಗಿನ ಪದ್ಮಶಾಲಿಗಳು ಕೈಮಗ್ಗದೊಡನೆ ಬಂದರು. ಮರಾಠಿ, ಕನ್ನಡ, ತೆಲುಗು, ಉರ್ದು—ನಾಲ್ಕು ಭಾಷೆಗಳ ಊರು ಅದು ಅಂದಿನಿಂದಲೇ.

ವಿಜಾಪುರದಿಂದ ನಾವು ಮುಂಜಾನೆಯ ಗಾಡಿ ಹಿಡಿದೆವು. ಮಿಂಚನಾಳ, ನಿಂಬಾಳ, ಇಂಡಿ ರಸ್ತೆ, ಲಚ್ಯಾಣ; ನಿಂಬಾಳದಲ್ಲಿ ಗುರುದೇವ ರಾನಡೆಯವರ ಆಶ್ರಮದ ದಿಕ್ಕಿಗೆ ಇಬ್ಬರು ಮೂವರು ಕೈಮುಗಿದರು. ಈಗ ಅಗಲ ಹಳಿ; ಭೀಮೆಯನ್ನು ದಾಟಿದ್ದೂ ತಿಳಿಯಲಿಲ್ಲ. ದಾರಿಯಲ್ಲಿ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ.

ನಿಲ್ದಾಣಕ್ಕೆ ಕಾಕಾ ತಾವೇ ಬಂದಿದ್ದರು. ಅವರ ಮನೆ ಎರಡು ಕೋಣೆಯದು. ಕಾಕು ಜೋಳದ ರೊಟ್ಟಿ, ಸೊಲ್ಲಾಪುರದ ಹೆಸರುವಾಸಿಯಾದ ಶೇಂಗಾ ಚಟ್ನಿ ಬಡಿಸಿದರು. ಊಟದ ಹೊತ್ತಿಗೆ ಒಂದು ವಿಚಿತ್ರವನ್ನು ಕಂಡೆವು. ಕಾಕಾ ನಮ್ಮೊಡನೆ ಮಾತಾಡುತ್ತಿರುವಾಗಲೇ ನಡುನಡುವೆ ಒಲೆಯ ಕಡೆ ತಿರುಗಿ ತುಟಿಗಳನ್ನಷ್ಟೇ ಆಡಿಸುವರು, ಸದ್ದಿಲ್ಲ. ಕಾಕು ಅದೇ ಮೇರೆಗೆ ತುಟಿಯಿಂದ, ಎರಡು ಬೆರಳಿನ ಸನ್ನೆಯಿಂದ ಉತ್ತರ ಕೊಡುವರು. ರೊಟ್ಟಿ ಇನ್ನೊಂದು ಬರುವದು. ವಿಚಾರಿಸಲಾಗಿ ತಿಳಿದದ್ದೇನೆಂದರೆ, ಕಾಕು ಕೂಡ ಅದೇ ಗಿರಣಿಯಲ್ಲಿ ನೂಲು ಸುತ್ತುವ ಖಾತೆಯಲ್ಲಿ ದುಡಿದವರು. ನೂರಾರು ಮಗ್ಗಗಳು ಒಮ್ಮೆಲೇ ಬಡಿದುಕೊಳ್ಳುವ ಸ್ಥಳದಲ್ಲಿ ಕಿವಿಗೆ ಏನೂ ಕೇಳಿಸದು; ಆದ್ದರಿಂದ ಗಿರಣಿಯವರು ತುಟಿಯನ್ನು ನೋಡಿಯೇ ಮಾತು ತಿಳಿಯುವ ವಿದ್ಯೆಯನ್ನು ಕಲಿಯುವರು. ವಿಲಾಯತಿಯ ಲ್ಯಾಂಕಶೈರ ಸೀಮೆಯ ನೇಕಾರ ಹೆಂಗಸರಲ್ಲಿಯೂ ಇದೇ ವಿದ್ಯೆ ಇತ್ತೆಂದು ನಾವು ಓದಿದ್ದುಂಟು. “ಇವರಿಬ್ಬರ ಜಗಳ ನಮಗ ಕೇಳಿಸೋದಽ ಇಲ್ಲ” ಎಂದು ಸೊಸೆ ನಕ್ಕಳು. ಮೊಮ್ಮಗ ನಮ್ಮನ್ನು ‘ಆಜೋಬಾ’ ಎಂದು ಕರೆದು ಮರಾಠಿಯಲ್ಲಿ ಊರ ವಿಚಾರ ಕೇಳಿದ. ಹುಡುಗ ಜಾಣ, ಕನ್ನಡ ತಿಳಿಯುವದು, ಓದಬಾರದು.

ಊಟವಾದ ಮೇಲೆ ಮೊದಲು ಹಳೆಯ ಗಿರಣಿಯ ಕಡೆ ನಡೆದೆವು. ಅದಿದ್ದ ಪೇಟೆಗೆ ಸ್ಥಾಪಕರ ಹೆಸರಿನಿಂದ ಮುರಾರಜಿ ಪೇಟೆಯೆಂದೇ ಹೆಸರು. ಗಿರಣಿ ಹೋಯಿತು, ಹೆಸರು ಉಳಿಯಿತು. ಗಿರಣಿಯ ಭೂಮಿಯಲ್ಲಿ ಮನೆಗಳೆದ್ದಿವೆ. ಅಲ್ಲಿ ನಿಂತು ಕಾಕಾ ಹೇಳಿದ್ದಕ್ಕಿಂತ ನಾವೇ ಹೇಳಿದ್ದು ಹೆಚ್ಚು. ಏಕೆಂದರೆ ಈ ಗಿರಣಿಯ ಸಂಗತಿ ನಮ್ಮ ದೇಶದ ನ್ಯಾಯಶಾಸ್ತ್ರದಲ್ಲಿ ಸೇರಿಹೋಗಿದೆ. ಗಿರಣಿಯಲ್ಲಿ ದುಡಿದವರಿಗೇ ಅದು ಗೊತ್ತಿಲ್ಲ. 1949ರ ಜುಲೈ 27ರಂದು ಸಂಚಾಲಕರು ಕೆಲಸಗಾರರಿಗೆ ನೋಟೀಸು ಕೊಟ್ಟು ಅಗಸ್ಟ 27ರಂದು ಗಿರಣಿ ಮುಚ್ಚಿದರು. ಸ್ವಾತಂತ್ರ್ಯ ಬಂದು ಎರಡೇ ವರ್ಷ, ಬಟ್ಟೆಗೆ ಅಭಾವ, ಸಾವಿರಾರು ಮನೆಗಳ ಒಲೆ ಆರುವ ಸಂಭವ. ಆದ್ದರಿಂದ ಕೇಂದ್ರ ಸರಕಾರವು 1950ರ ಜನವರಿಯಲ್ಲಿ ಈ ಒಂದು ಗಿರಣಿಗಾಗಿಯೇ ಒಂದು ಅಧ್ಯಾದೇಶವನ್ನು ಹೊರಡಿಸಿ, ತನ್ನವರನ್ನು ನೇಮಿಸಿ ಆಡಳಿತ ಕೈಗೆ ತೆಗೆದುಕೊಂಡಿತು. ಏಪ್ರಿಲಿನಲ್ಲಿ ಅದು ಕಾಯಿದೆಯಾಯಿತು. ಒಂದು ಗಿರಣಿಗೆ ಒಂದು ಕಾಯಿದೆಯೇ, ಸಂವಿಧಾನದ ಸಮಾನತೆ ಎಲ್ಲಿ ಉಳಿಯಿತು ಎಂದು ಚರಣಜಿತಲಾಲ ಚೌಧುರಿಯೆಂಬ ಪಾಲುದಾರರು ಸುಪ್ರೀಂ ಕೋರ್ಟಿಗೆ ಹೋದರು. 1950ರ ಡಿಸೆಂಬರ 4ರಂದು ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಕಾಯಿದೆಯನ್ನು ಎತ್ತಿ ಹಿಡಿದರು, ಇಬ್ಬರು ಒಪ್ಪಲಿಲ್ಲ. ಆದರೆ ದ್ವಾರಕಾದಾಸ ಶ್ರೀನಿವಾಸರೆಂಬ ಇನ್ನೊಬ್ಬ ಪಾಲುದಾರರ ದಾವೆಯಲ್ಲಿ 1953ರ ಡಿಸೆಂಬರದಲ್ಲಿ ಅದೇ ನ್ಯಾಯಾಲಯ, ಪರಿಹಾರವಿಲ್ಲದೆ ಸ್ವತ್ತು ಕಸಿದಂತಾಯಿತೆಂದು ಕಾಯಿದೆಯನ್ನು ಹೊಡೆದುಹಾಕಿತು. 1955ರಲ್ಲಿ ಸಂವಿಧಾನಕ್ಕೆ ನಾಲ್ಕನೆಯ ತಿದ್ದುಪಡಿ ತರುವದಕ್ಕೆ ಕಾರಣವಾದ ತೀರ್ಪುಗಳಲ್ಲಿ ಇದೂ ಒಂದು. ಕಾಕಾ ಸಾವಧಾನದಿಂದ ಕೇಳಿದರು. ಕಡೆಗೆ “ಆ ಕೋರ್ಟಿನ್ಯಾಗ ಮಗ್ಗದವರ ಪರವಾಗಿ ಯಾರು ಮಾತಾಡಿದರು, ಮಾಸ್ತರ?” ಎಂದು ಕೇಳಿದರು. ಎರಡೂ ದಾವೆಗಳನ್ನು ಹೂಡಿದವರು ಪಾಲುದಾರರು. ಕೆಲಸಗಾರರ ಪರವಾಗಿ ಸರಕಾರವೇ ಮಾತಾಡಿತೆಂದು ಇಟ್ಟುಕೊಳ್ಳಬೇಕಷ್ಟೆ.

ಅಲ್ಲಿಂದ ಕಾಕಾ ದುಡಿದ ಗಿರಣಿಗೆ ಹೋದೆವು. ಅದು ಬೇರೆ ಗಿರಣಿ. ಯಾವುದೆಂದು ನಾವು ಬರೆಯುವದಿಲ್ಲ. ನಮ್ಮನ್ನು ಒಳಗೆ ಬಿಟ್ಟ ಕಾವಲುಗಾರನ ಅನ್ನಕ್ಕೆ ಕುತ್ತು ಬರಬಾರದು. ಅವನು ಇಪ್ಪತ್ತೈದರ ತರುಣ. ಗಿರಣಿ ನಡೆದದ್ದನ್ನು ಕಂಡವನಲ್ಲ. “ಹಾವುಗಳಿವೆ, ಜೋಕೆ” ಎಂದಷ್ಟೇ ಹೇಳಿ ಕೀಲಿ ತೆಗೆದ.

ಒಳಗೆ ಮೊದಲು ಕಂಡದ್ದು ಹಾಜರಿಯ ಕಿಟಕಿ. ಪ್ರತಿಯೊಬ್ಬ ಕೆಲಸಗಾರನಿಗೂ ನಂಬರು ಹೊಡೆದ ಹಿತ್ತಾಳೆಯ ಬಿಲ್ಲೆಯಿರುತ್ತಿತ್ತು. ಅದನ್ನು ಇಲ್ಲಿ ಕೊಟ್ಟು ಒಳಗೆ ಹೋಗಬೇಕು. ಬದಲಿಯವರು, ಅಂದರೆ ಖಾಯಮ ಕೆಲಸವಿಲ್ಲದವರು, ಕಿಟಕಿಯ ಹೊರಗೆ ನಿಂತು ಯಾರಾದರೂ ಗೈರುಹಾಜರಾದಾರೆಯೇ ಎಂದು ಕಾಯುವರು. ಕಾಕಾ ಹಾಗೆ ಕಾದದ್ದು ನಾಲ್ಕು ವರ್ಷ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನಿಗೆ ಅಂದಿನ ಕೂಲಿ. “ದೇವರ ಹಂತೇಕ ಏನು ಬೇಡಿಕೊಳ್ಳಬೇಕು ಅನ್ನೂದಽ ತಿಳೀತಿದ್ದಿಲ್ಲ” ಎಂದರು.

ಹತ್ತಿಯು ಬಟ್ಟೆಯಾಗುವ ಕ್ರಮದಲ್ಲಿಯೇ ಅವರು ನಮ್ಮನ್ನು ಕರೆದೊಯ್ದರು. ಹತ್ತಿಯ ಅಂಡಿಗೆ ಒಡೆದು ಕಸ ಹಾರಿಸುವ ಕೋಣೆ. ಅದನ್ನು ಹಿಂಜಿ ಎಳೆ ಒಂದೇ ದಿಕ್ಕಿಗೆ ಬಾಚುವ ಕಾರ್ಡಿಂಗ ಖಾತೆ. ಎಳೆದು ಎಳೆದು ತೆಳುವಾಗಿಸುವ ಯಂತ್ರಗಳಿದ್ದ ಸ್ಥಳ. ಹುರಿ ಹಾಕಿ ನೂಲು ಮಾಡುವ ರಿಂಗ ಖಾತೆ. ಹಾಸಿಗೆ ಗಂಜಿ ಕುಡಿಸುವ ಮನೆ. ಎಲ್ಲವೂ ಬರಿದು. ಯಂತ್ರಗಳನ್ನೆಲ್ಲ ಮೋಡಕಾ ಮಾರುವವರು ತೂಕಕ್ಕೆ ಒಯ್ದಿದ್ದಾರೆ. ಒಂದು ಮೂಲೆಯಲ್ಲಿ ಮುರಿದ ಎರಕದ ತುಂಡೊಂದರ ಮೇಲೆ ಅಕ್ಷರಗಳು ಉಬ್ಬಿದ್ದವು. ಕನ್ನಡಕ ಒರಸಿಕೊಂಡು ಓದಿದೆವು: ಓಲ್ಡಹ್ಯಾಮ. ಅದು ಮ್ಯಾಂಚೆಸ್ಟರಿನ ಹತ್ತಿರದ ಊರು. ಆ ಕಾಲದಲ್ಲಿ ಹಿಂದುಸ್ಥಾನದ ಗಿರಣಿಗಳ ಯಂತ್ರಗಳು ಬಹಳ ಮಾಡಿ ಲ್ಯಾಂಕಶೈರದಿಂದಲೇ ಬರುತ್ತಿದ್ದವು. ನಮ್ಮ ಸೀಮೆಯ ಹತ್ತಿ ಹಿಂದಕ್ಕೆ ಕುಮಟೆಯ ಬಂದರಿನಿಂದ ಹಡಗೇರಿ ಅಲ್ಲಿಗೆ ಹೋಗುತ್ತಿತ್ತು. ಅದಕ್ಕೇ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದು ಹೆಸರು. ಆಮೇಲೆ ಹತ್ತಿ ಇಲ್ಲಿಯೇ ಉಳಿದು ಯಂತ್ರ ಇಲ್ಲಿಗೆ ಬಂದಿತು. ಇಂದು ಓಲ್ಡಹ್ಯಾಮದ ಗಿರಣಿಗಳ ಗತಿಯೂ ಇದೇ ಎಂದರೆ ಕಾಕಾ ನಂಬಲಿಲ್ಲ.

ಕಡೆಯದಾಗಿ ಸಾಳಖಾತೆ, ಎಂದರೆ ನೇಯ್ಗೆಯ ಮನೆ. ಇದೊಂದು ಅರಸನ ಸಭಾಮಂಟಪದಷ್ಟು ದೊಡ್ಡದು. ಮಾಳಿಗೆ ಗರಗಸದ ಹಲ್ಲಿನಂತೆ ಏರಿಳಿಯುವದು. ಪ್ರತಿಯೊಂದು ಹಲ್ಲಿನ ನೆಟ್ಟಗಿನ ಮಗ್ಗುಲಿಗೆ ಗಾಜು, ಅದೂ ಉತ್ತರಕ್ಕೆ. ನಮ್ಮ ಸೀಮೆಯಲ್ಲಿ ಸೂರ್ಯನು ವರ್ಷದ ಬಹುಭಾಗ ದಕ್ಷಿಣಕ್ಕೆ ಓರೆಯಾಗಿ ಸಾಗುವನಷ್ಟೆ. ಉತ್ತರದ ಗಾಜಿನಿಂದ ಬಿಸಿಲು ಬೀಳದೆ ಬೆಳಕು ಮಾತ್ರ ಸಮನಾಗಿ ಬರುವದು, ನೂಲಿನ ಎಳೆ ತುಂಡಾದದ್ದು ಕಣ್ಣಿಗೆ ಕಾಣುವದು. ಮಾಳಿಗೆಯನ್ನು ಹೊತ್ತ ಕಬ್ಬಿಣದ ಕಂಬಗಳು ಒಳಗೆ ಪೊಳ್ಳು. ಮಳೆಯ ನೀರು ಅವುಗಳೊಳಗಿಂದಲೇ ನೆಲದಡಿಗೆ ಇಳಿಯುವದೆಂದು ಕಾಕಾ ಬೆರಳಿನಿಂದ ಬಡಿದು ತೋರಿಸಿದರು. ಗಾಜು ಈಗ ಒಡೆದಿದೆ. ಪಾರಿವಾಳಗಳು ತುಂಬಿವೆ. ಗೋಡೆಯ ಬಿರುಕಿನಲ್ಲಿ ಅರಳಿಯ ಗಿಡವೊಂದು ಆಳೆತ್ತರಕ್ಕೆ ಬೆಳೆದಿದೆ.

ಕಾಕಾ ಬಾಗಿಲಲ್ಲಿ ಒಂದು ಕ್ಷಣ ನಿಂತು ಚಪ್ಪಲಿ ಬಿಟ್ಟರು. ನಾವೂ ಬಿಟ್ಟೆವು. ನೆಲದ ಶಹಾಬಾದಿ ಫರಸಿಯ ಮೇಲೆ ಸಾಲುಸಾಲಾಗಿ ಕಪ್ಪು ಎಣ್ಣೆಯ ಕಲೆಗಳು. ಮಗ್ಗಗಳನ್ನು ಬಿಗಿದಿದ್ದ ಬೋಲ್ಟುಗಳ ಮೊಂಡು ತುದಿಗಳು. ಅವರು ಕಂಬಗಳನ್ನು ಎಣಿಸತೊಡಗಿದರು. ಒಮ್ಮೆ ಲೆಕ್ಕ ತಪ್ಪಿ ಮರಳಿ ಬಾಗಿಲಿನಿಂದ ಎಣಿಸಿದರು. ಏಳನೆಯ ಕಂಬದಿಂದ ಎಡಕ್ಕೆ ಹೊರಳಿ, ಕಲೆಗಳ ನಡುವೆ ಹಾಯ್ದು, ಒಂದೆಡೆ ನಿಂತರು. “ಇಲ್ಲೇ. ಇದೊಂದು, ಇದೊಂದು, ಎರಡು ಮಗ್ಗ. ನಡುವ ನಾನು.” ನಾವು ಬಗ್ಗಿ ನೋಡಿದೆವು. ಎರಡು ಕಲೆಗಳ ನಡುವಣ ಫರಸಿ ಕಾಲುಜ್ಜಿ ಸವೆದು ತುಸು ತಗ್ಗಾಗಿತ್ತು. ಅವರ ಕಾಲೊಂದರಿಂದಲೇ ಸವೆದದ್ದಲ್ಲ. ಮೂರು ಪಾಳಿಗಳಲ್ಲಿ ಮೂವರು, ಅವರಿಗಿಂತ ಮುಂಚೆ ನಿಂತವರು, ಹೀಗೆ ಎಷ್ಟೋ ಜನರ ಕಾಲುಗಳು. ಕಂಬದ ಮೇಲೆ ಎದೆಯೆತ್ತರಕ್ಕೆ ಕುಂಕುಮದ ಗುರುತು ಇನ್ನೂ ಇತ್ತು. ಖಂಡೇನವಮಿಗೆ ಅವರು ಮಗ್ಗಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಕಂಬಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆಯುತ್ತಿದ್ದರಂತೆ.

ನಾವು ಮೂವತ್ತು ವರ್ಷ ಹುಡುಗರಿಗೆ ಸಂಸ್ಕೃತ ಕಲಿಸಿದವರು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಎಷ್ಟು ಸಲ ಓದಿಸಿದೆವೋ ಲೆಕ್ಕವಿಲ್ಲ. ಅದರಲ್ಲಿ ಬಟ್ಟೆಯೇ ಮುಖ್ಯ ಉದಾಹರಣೆ: ಪಟಕ್ಕೆ ತಂತುಗಳು ಸಮವಾಯಿಕಾರಣ, ತಂತುಗಳ ಸಂಯೋಗ ಅಸಮವಾಯಿಕಾರಣ, ತುರೀ-ವೇಮಗಳು, ಅಂದರೆ ಲಾಳಿ ಮಗ್ಗ ಮೊದಲಾದವುಗಳು, ನಿಮಿತ್ತಕಾರಣ. ಅಮರಕೋಶವು ನೇಕಾರನಿಗೆ ತಂತುವಾಯ, ಕುವಿಂದ ಎಂಬ ಹೆಸರುಗಳನ್ನು ಕೊಟ್ಟಿದೆ. ಇಷ್ಟೆಲ್ಲ ಬಾಯಿಪಾಠವಿದ್ದೂ, ಲಾಳಿಯ ಕಣ್ಣಿನೊಳಗಿಂದ ನೂಲನ್ನು ಹೊರಗೆ ತರುವದು ಹೇಗೆಂಬದು ನಮಗೆ ಆ ದಿನದವರೆಗೆ ತಿಳಿದಿರಲಿಲ್ಲ. ಕಾಕಾ ತೋರಿಸಿದರು: ಲಾಳಿಯನ್ನು ಬಾಯಿಗಿಟ್ಟು ಒಮ್ಮೆ ಜೋರಾಗಿ ಉಸಿರೆಳೆಯುವದು, ನೂಲಿನ ತುದಿ ತುಟಿಗೆ ಬರುವದು. ದಿನಕ್ಕೆ ನೂರಾರು ಸಲ. ನೂಲಿನ ಜೊತೆಗೆ ಹತ್ತಿಯ ಧೂಳೂ, ಗಂಜಿಯೂ, ಹಿಂದಿನ ಪಾಳಿಯವನ ಎಂಜಲೂ ಬರುವದು. ಶಾಸ್ತ್ರಕಾರರು ನಿಮಿತ್ತಕಾರಣಗಳಲ್ಲಿ ಇದನ್ನು ಎಣಿಸಿಲ್ಲ.

ಸಾಳಖಾತೆಯಲ್ಲಿ ಎಳೆ ಕಡಿಯಬಾರದೆಂದು ಗಾಳಿಯನ್ನು ಬೇಕೆಂದೇ ತೇವವಾಗಿಡುವರು. ಸೊಲ್ಲಾಪುರದ ಬೇಸಿಗೆಯಲ್ಲಿ ಆ ಆವಿಯಲ್ಲಿ ನಿಂತು ಎಂಟು ತಾಸು ದುಡಿಯುವದನ್ನು ಊಹಿಸಿರಿ. ಹಿಂದೆ ಎಂಟು ತಾಸೂ ಅಲ್ಲ. 1881ರ ಮೊದಲ ಫ್ಯಾಕ್ಟರಿ ಕಾಯಿದೆ ಏಳು ವರ್ಷ ತುಂಬಿದ ಮಕ್ಕಳನ್ನು ದಿನಕ್ಕೆ ಒಂಬತ್ತು ತಾಸು ದುಡಿಸಬಹುದೆಂದು ಹೇಳಿ, ದೊಡ್ಡವರಿಗೆ ಯಾವ ಮಿತಿಯನ್ನೂ ಹಾಕಲಿಲ್ಲ. ಬಟ್ಟೆಯ ಗಿರಣಿಗಳಲ್ಲಿ ಗಂಡಸರಿಗೆ ಹನ್ನೆರಡು ತಾಸಿನ ಮಿತಿ ಬಂದದ್ದು 1911ರಲ್ಲಿ. ವಾರಕ್ಕೆ 48 ತಾಸೆಂದಾದದ್ದು 1946ರ ತಿದ್ದುಪಡಿಯಿಂದ. ಹಿಂಜುವ ಖಾತೆಯವರಿಗೆ ಇನ್ನೊಂದು ರೋಗ. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಹಿಡಿಯುವದು, ಮರುದಿನ ಕಡಿಮೆಯಾಗುವದು. ಹೀಗೆ ವರ್ಷಗಟ್ಟಲೆ ನಡೆದು ಕಡೆಗೆ ಬಿಗಿತ ಬಿಡುವದೇ ಇಲ್ಲ. ವೈದ್ಯರು ಇದನ್ನು ಬಿಸಿನೋಸಿಸ ಎನ್ನುವರು. ಕಾಕಾನ ಹಿರಿಯಣ್ಣ ಕಾರ್ಡಿಂಗದಲ್ಲಿದ್ದವರು. ದಮ್ಮಿನಿಂದ ಹೋದರೆಂದು ನಮ್ಮ ಊರಿನಲ್ಲಿ ಹೇಳುತ್ತಿದ್ದುದು ನಮಗೆ ನೆನಪಿದೆ. ಕಾರಹುಣ್ಣಿವೆಗೆ ಬಂದಾಗ ಅವರು ಗುಡಿಯ ಕಟ್ಟೆಯ ಮೇಲೆ ಕುಳಿತೇ ಇರುತ್ತಿದ್ದರು, ಹೋರಿಗಳ ಹಿಂದೆ ಓಡುತ್ತಿರಲಿಲ್ಲ.

ಈ ಜನ ತಲೆ ತಗ್ಗಿಸಿಯೇ ದುಡಿದರೆಂದು ತಿಳಿಯಬಾರದು. 1930ರ ಮೇ 5ರಂದು ಗಾಂಧೀಜಿಯವರ ಬಂಧನವಾದ ಸುದ್ದಿ ಮುಟ್ಟಿದಾಗ ಸೊಲ್ಲಾಪುರದ ಗಿರಣಿಗಳು ನಿಂತವು. ಊರು ಸರಕಾರದ ಕೈತಪ್ಪಿತು. ಮೇ 12ರಿಂದ ಜೂನ್ ಕೊನೆಯವರೆಗೆ ಅಲ್ಲಿ ಲಷ್ಕರಿ ಕಾಯಿದೆ. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ—ಈ ನಾಲ್ವರನ್ನು 1931ರ ಜನವರಿ 12ರಂದು ಯರವಡೆಯಲ್ಲಿ ಗಲ್ಲಿಗೇರಿಸಿದರು. ನಾಲ್ವರ ಪುತ್ಥಳಿಗಳನ್ನು ಊರೊಳಗೆ ನೋಡಿದೆವು.

ಗಿರಣಿಗಳು ಏಕೆ ಮುಚ್ಚಿದವೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುವರು. ಮುಷ್ಕರಗಳಿಂದ ಎನ್ನುವರು ಕೆಲವರು. ಕಾಕಾ ಇದನ್ನು ಕೇಳಿ ಸಿಟ್ಟಾಗುವರು. ನಮ್ಮ ಬುದ್ಧಿಗೆ ತೋರುವದಿಷ್ಟು: ಲಾಭದ ಕಾಲದಲ್ಲಿ ಹಳೆಯ ಯಂತ್ರಗಳನ್ನು ಬದಲಿಸಲಿಲ್ಲ, ಓಣಿ ಓಣಿಗೆ ವಿದ್ಯುತ್ ಮಗ್ಗಗಳು ಬಂದು ಕಡಿಮೆ ಕೂಲಿಗೆ ಅದೇ ಬಟ್ಟೆ ನೇಯತೊಡಗಿದವು, ಕಡೆಗೆ ಊರು ಬೆಳೆದು ಗಿರಣಿಯ ಬಟ್ಟೆಗಿಂತ ಗಿರಣಿಯ ನೆಲಕ್ಕೆ ಬೆಲೆ ಹೆಚ್ಚಾಯಿತು. ಕಳೆದ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಕಾಕಾನ ಗಿರಣಿಯೂ ನಿಂತಿತು. ಒಂದು ದಿನ ಎರಡನೆಯ ಪಾಳಿಗೆ ಹೋದವರಿಗೆ ಬಾಗಿಲಿಗೆ ಅಂಟಿಸಿದ ಕಾಗದ ಕಂಡಿತಷ್ಟೆ. ಮಗ್ಗದ ಮೇಲೆ ಅರ್ಧ ನೇಯ್ದ ತಾನು ಹಾಗೆಯೇ ಉಳಿದಿತ್ತೆಂದೂ, ಅದನ್ನು ಮುಗಿಸುವದಕ್ಕಾದರೂ ಒಳಗೆ ಬಿಡಿರೆಂದು ತಾವು ಬಾಗಿಲಲ್ಲಿ ವಾದಿಸಿದೆವೆಂದೂ ಕಾಕಾ ಹೇಳಿದರು.

ಬರಬೇಕಾದ ಬಾಕಿಯ ವಿಚಾರವನ್ನು ನಾವು ಕೇಳಬಾರದೆಂದಿದ್ದೆವು, ಅವರೇ ತೆಗೆದರು. ಮುಳುಗಿದ ಕಂಪನಿಯ ಆಸ್ತಿಯಲ್ಲಿ ಕೆಲಸಗಾರರ ಬಾಕಿಗೆ ಬ್ಯಾಂಕುಗಳ ಅಡವಿನ ಸಾಲದಷ್ಟೇ ಹಕ್ಕೆಂದು 1985ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿದೆ. ಹಕ್ಕು ಇದೆ. ಆದರೆ ಆಸ್ತಿ ಮಾರಿ, ತಕರಾರು ತೀರಿ, ಹಂಚಿಕೆಯಾಗುವದರೊಳಗಾಗಿ ಹಕ್ಕುದಾರರೇ ಒಬ್ಬೊಬ್ಬರಾಗಿ ಹೊರಟುಹೋಗುವರು. ಕಾಕಾನ ಸಾಲಿನ ಹದಿನಾರು ಜನರಲ್ಲಿ ಈಗ ಉಳಿದವರು ಮೂವರು. ಮೊದಲ ಕಂತು ಬಂದಾಗ ಮಗಳ ಮದುವೆಯ ಸಾಲ ತೀರಿತು, ಎರಡನೆಯದರ ಸುದ್ದಿಯಿಲ್ಲ. ಹಿತ್ತಾಳೆಯ ಬಿಲ್ಲೆಯನ್ನು ಅವರು ಮರಳಿ ಕೊಟ್ಟಿಲ್ಲ. ಅಂದು ಕಿಟಕಿ ಮುಚ್ಚಿತ್ತು, ಯಾರಿಗೆ ಕೊಡಬೇಕು? ಅಂಗಿಯ ಒಳಕಿಸೆಯಿಂದ ತೆಗೆದು ತೋರಿಸಿದರು. ಅಂಕಿಗಳು ಸವೆದು ನುಣುಪಾಗಿದ್ದವು.

ಆ ಬರಿದಾದ ಮಂಟಪದಲ್ಲಿ ನಿಂತಾಗ ನಮಗೆ ತರ್ಕಶಾಸ್ತ್ರದ ಅಭಾವಗಳು ನೆನಪಾದವು, ಹಳೆಯ ಚಾಳಿ. ವಸ್ತು ಹುಟ್ಟುವ ಮೊದಲಿನದು ಪ್ರಾಗಭಾವ: ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ವಸ್ತು ನಾಶವಾದ ಮೇಲಿನದು ಪ್ರಧ್ವಂಸಾಭಾವ: ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಇದನ್ನು ಕಾಕಾನಿಗೆ ತಿಳಿಯುವಂತೆ ಹೇಳಿದೆವು. ಗಿರಣಿ ಕಟ್ಟುವದಕ್ಕೆ ಮೊದಲೂ ಇಲ್ಲಿ ಗಿರಣಿ ಇರಲಿಲ್ಲ, ಈಗಲೂ ಇಲ್ಲ. ಆದರೆ ಎರಡೂ ‘ಇಲ್ಲ’ಗಳು ಒಂದೇ ಅಲ್ಲ ಎಂದೆವು. ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಅಂದ್ರ ಈ ಎರಡನೇದ್ದಕ್ಕ ಕೊನಿ ಅನ್ನೂದಽ ಇಲ್ಲೇನ್ರಿ?” ಎಂದರು. ಶಾಸ್ತ್ರದ ಪ್ರಕಾರ ಇಲ್ಲವೆಂದೆವು. “ಹಂಗಾದ್ರ ನಮ್ಮ ಬಾಕಿ ಲೆಕ್ಕಾ ಬರಿಯಾವ ನಿಮ್ಮ ಶಾಸ್ತ್ರಾ ಓದ್ಯಾನ, ಮಾಸ್ತರ” ಎಂದು ನಕ್ಕರು. ಬಾಗಿಲಲ್ಲಿದ್ದ ಕಾವಲುಗಾರನಿಗೆ ಕನ್ನಡ ತಿಳಿಯದಿದ್ದರೂ ಅವನೂ ನಕ್ಕನು.

ಹೊರಗೆ ಬರುವಾಗ ಚಿಮಣಿಯ ಬುಡದಲ್ಲಿ ನಿಂತು ಮೇಲೆ ನೋಡಿದೆವು. ಹೊಗೆಗಿಂತ ಹೆಚ್ಚಾಗಿ ಒಲೆಗೆ ಗಾಳಿಯನ್ನು ಎಳೆಯುವದಕ್ಕೆ ಈ ಎತ್ತರ. ಕಂಬ ಎತ್ತರವಾದಷ್ಟೂ ಸೆಳೆತ ಹೆಚ್ಚು. ಇಂಥವು ಊರ ತುಂಬ ಇದ್ದ ಕಾಲದಲ್ಲಿ ಭೋಂಗಾ ಕೂಗಿದರೆ ಸುತ್ತಣ ಹಳ್ಳಿಗಳವರೂ ಎದ್ದು ಒಲೆ ಹೊತ್ತಿಸುತ್ತಿದ್ದರಂತೆ. ಈಗ ಭೋಂಗಾ ಇಲ್ಲ. ಆದರೂ ಕಾಕಾ ಮೊದಲನೆಯ ಪಾಳಿಯ ಹೊತ್ತಿಗೆ ಎಚ್ಚರಗೊಳ್ಳುವರೆಂದೂ, ಎದ್ದು ಮಾಡುವ ಕೆಲಸವಿಲ್ಲದೆ ಎಲ್ಲರಿಗೂ ಚಹಾ ಕಾಸಿಡುವರೆಂದೂ ಸೊಸೆ ಹೇಳಿದ್ದಳು.

ಊರಿಗೆ ಬಂದು ಇರಬಾರದೇ ಎಂದು ದಾರಿಯಲ್ಲಿ ಕೇಳಿದೆವು. ಮನೆ ಬಿದ್ದಿದೆ, ಹೊಲ ಅಣ್ಣನ ಮಕ್ಕಳದು, ಕಾಕುವಿನ ಔಷಧ ಇಲ್ಲಿಯದು ಎಂದರು. ಅಷ್ಟು ಹೇಳಿ ಸುಮ್ಮನಾದರು. ಬರುವ ಕರಿಗೆ ಮೊಮ್ಮಗನನ್ನು ಕಳಿಸುವೆವೆಂದರು. ಹೋರಿಯನ್ನು ಅವನು ಹತ್ತಿರದಿಂದ ಕಂಡವನಲ್ಲವಂತೆ. ಅವನು ಬಂದರೆ ನಮ್ಮ ಮನೆಯಲ್ಲಿಯೇ ಇಳಿಯಬೇಕೆಂದು ಮಾತು ತೆಗೆದುಕೊಂಡೆವು. ನಾಲ್ಕು ದಿನ ಇದ್ದರೆ ಅಕ್ಷರಗಳನ್ನಾದರೂ ತಿದ್ದಿಸಬಹುದು.

ಸಂಜೆಯ ಗಾಡಿಗೆ ಹೊತ್ತಿತ್ತು. ನಿಲ್ದಾಣದ ಕಡೆ ಒಂದು ಸಂದಿಯಲ್ಲಿ ಹಾಯ್ದು ಬರುವಾಗ ತಗಡಿನ ಮಾಳಿಗೆಯ ಕೆಳಗೆ ನಾಲ್ಕಾರು ವಿದ್ಯುತ್ ಮಗ್ಗಗಳು ಟಾವೆಲ್ ನೇಯುತ್ತಿದ್ದವು. ಸದ್ದು ರಸ್ತೆಗೆ ಬರುತ್ತಿತ್ತು. ಕಾಕಾ ನಿಂತರು. ತಲೆ ಒಂದು ಬದಿಗೆ ವಾಲಿಸಿ ಕೇಳಿದರು. “ಒಳಗಿನಿಂದ ಎರಡನೇ ಮಗ್ಗದ ಪಟ್ಟಾ ಸಡ್ಲ ಆಗೇದ” ಎಂದರು. ಬಾಗಿಲಲ್ಲಿ ಕುಳಿತ ಹುಡುಗನಿಗೆ ಅದನ್ನೇ ಮರಾಠಿಯಲ್ಲಿ ಹೇಳಿದರು. ಹುಡುಗ ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಒಂದು ಮಗ್ಗ ನಿಂತಿತು, ಮತ್ತೆ ನಡೆಯಿತು. ನಮ್ಮ ಗಾಡಿ ಅಂದು ಇಪ್ಪತ್ತು ನಿಮಿಷ ತಡ.